56ಕೆ ಕಾಲದ ಇಂಟರ್‌ನೆಟ್ಟು ಹಾಗೇಕಿತ್ತು? 1998–2001ರ ಒಳಗುಟ್ಟುಗಳು

#1 ತಂತಿಕಂಬ
2000ದ ಆಸುಪಾಸಿನ ಇಂಟರ್‌ನೆಟ್ಟಿನ ಮೈಲಿಗಲ್ಲುಗಳು ಅಂತ ಹುಡುಕಿದರೆ ಎಲ್ಲ ಕಡೆ ಒಂದೇ ಪಟ್ಟಿ. 1998ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪನಿ, 1999ರ ಜೂನ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್, 2000ದ ಮಾರ್ಚ್ 10ರಂದು ಅಮೆರಿಕದ ಷೇರು ಸೂಚ್ಯಂಕ ನಾಸ್ಡಾಕ್ 5,048ರ ತುದಿ ಮುಟ್ಟಿ ಜಾರಿದ್ದು, 2001ರ ಜನವರಿ 15ಕ್ಕೆ ವಿಕಿಪೀಡಿಯ. ತಾರೀಖೆಲ್ಲ ಸರಿ. ಆದರೆ ಅವೆಲ್ಲ ಯಾಕೆ ಆ ರೂಪದಲ್ಲೇ ಬಂದವು ಅನ್ನೋದನ್ನ ಯಾರೂ ಬರೆಯೋದಿಲ್ಲ.

ನನ್ನ ವಾದ ಇಷ್ಟೇ: ಆಗಿನ ಮುಕ್ಕಾಲು ಪಾಲು ಸಂಗತಿಗಳನ್ನ ತೀರ್ಮಾನ ಮಾಡಿದ್ದು ಒಂದೇ ಅಂಕಿ, ಸೆಕೆಂಡಿಗೆ 5 ಕಿಲೋಬೈಟ್. ಡಬ್ಬಿ ಮೇಲೆ 56ಕೆ (ಸೆಕೆಂಡಿಗೆ 56,000 ಬಿಟ್) ಅಂತ ಅಚ್ಚಾಗಿದ್ದ ಮೋಡೆಮ್, ಅಂದರೆ ಫೋನ್ ತಂತಿಯ ಮೇಲೆ ಕಂಪ್ಯೂಟರನ್ನ ಇಂಟರ್‌ನೆಟ್ಟಿಗೆ ಜೋಡಿಸುವ ಪೆಟ್ಟಿಗೆ, 49,333 ಬಿಟ್‌ಗೆ ಕನೆಕ್ಟ್ ಆದರೆ ಅದೇ ಒಳ್ಳೆಯ ಲೈನು. ಎಂಟರಿಂದ ಭಾಗಿಸಿದರೆ 6.1 ಕಿಲೋಬೈಟ್ ಚಿಲ್ಲರೆ. ಪ್ರತಿ ಕಂತಿಗೂ ಅಂಟಿಸುವ ವಿಳಾಸ ಚೀಟಿಗಳಾದ ಪಿಪಿಪಿ, ಐಪಿ, ಟಿಸಿಪಿ ಹೆಡರುಗಳು, ತಪ್ಪಾಗಿ ಮತ್ತೆ ಕಳಿಸಿದ ಕಂತುಗಳು, ಎಲ್ಲ ಕಳೆದು ಕೈಗೆ ಸಿಗುತ್ತಿದ್ದದ್ದು 4.5ರಿಂದ 5.5. ಹಾಡಿನ ಫೈಲಿನ ಗಾತ್ರ, ಪುಟ ಕಟ್ಟುವ ರೀತಿ, ಚಾಟ್ ತಂತ್ರಾಂಶಗಳು ಅಷ್ಟು ಹಗುರವಾಗಿದ್ದದ್ದು, ಎಲ್ಲಕ್ಕೂ ಇದೇ ಮೂಲ.

ಒಪ್ಪೋರು, ಒಪ್ಪದೋರು ಇಬ್ಬರೂ ಬರೀರಿ. "ಆ ದಿನಗಳೇ ಚೆಂದ" ಅನ್ನೋ ಪೋಸ್ಟು ಬೇಡ. ಹೇಗೆ ಕೆಲಸ ಮಾಡುತ್ತಿತ್ತು, ಎಲ್ಲಿ ಕೈಕೊಡುತ್ತಿತ್ತು, ಅದನ್ನ ಹಾಕಿ.

#2 ಸೊನ್ನೆಒಂದು
56 ಅನ್ನೋ ಸಂಖ್ಯೆಯಿಂದಲೇ ಶುರು ಮಾಡೋಣ. ಟೆಲಿಫೋನ್ ಎಕ್ಸ್‌ಚೇಂಜು ನಿಮ್ಮ ದನಿಯನ್ನ ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನ 8 ಬಿಟ್‌ನಲ್ಲಿ ಬರೆಯುತ್ತದೆ. 8,000 × 8 = 64,000. ಅದರಲ್ಲಿ ಒಂದು ಬಿಟ್ ನಂಬುವ ಹಾಗಿಲ್ಲ. ಕೆಲವು ಜಾಲಗಳು ಅದನ್ನ ಸಿಗ್ನಲಿಂಗ್‌ಗೆ ಕದಿಯುತ್ತಿದ್ದವು, ಮೇಲಾಗಿ ಅತಿ ಸಣ್ಣ ಹಂತಗಳು ಗದ್ದಲದಲ್ಲಿ ಕಾಣಿಸೋದೇ ಇಲ್ಲ. ಉಳಿದದ್ದು 7 ಬಿಟ್, ಅಂದರೆ 56,000. ಅಮೆರಿಕದಲ್ಲಂತೂ ಲೈನಿನ ಮೇಲೆ ಹಾಕಬಹುದಾದ ಪವರ್‌ಗೆ ಮಿತಿ ಇದ್ದದ್ದರಿಂದ 53,333ಕ್ಕಿಂತ ಮೇಲೆ ಹೋಗುವಂತೆಯೇ ಇರಲಿಲ್ಲ.

ಈ ವೇಗ ಇಳಿಮುಖಕ್ಕೆ ಮಾತ್ರ. ಸೇವಾದಾರರ ಕಡೆಯ ಮೋಡೆಮ್ ನೇರವಾಗಿ ಡಿಜಿಟಲ್ ಜಾಲಕ್ಕೇ ಕೂತಿರುತ್ತದೆ, ಅದು ಕಳಿಸಿದ ಅಂಕಿ ನಿಮ್ಮ ಎಕ್ಸ್‌ಚೇಂಜಿನವರೆಗೂ ಅಂಕಿಯಾಗೇ ಬರುತ್ತದೆ. ನಿಮ್ಮಿಂದ ಹೋಗುವಾಗ ಹಾಗಲ್ಲ. ಅಲೆಯನ್ನ ಅಂಕಿ ಮಾಡುವ ಜಾಗದಲ್ಲಿ ಹತ್ತಿರದ ಹಂತಕ್ಕೆ ಸುತ್ತಿಹಾಕುತ್ತಾರಲ್ಲ, ಆ ಗದ್ದಲವೇ ಮಿತಿ. ಹಾಗಾಗಿ 56ಕೆ ಮೋಡೆಮ್‌ಗಳ ಮಾನದಂಡವಾದ ವಿ.90ಯಲ್ಲಿ ಏರುಮುಖ 33,600ಕ್ಕೆ ನಿಂತುಬಿಟ್ಟಿತು.

ಕನೆಕ್ಟ್ ಆದ ಸಂಖ್ಯೆ ನೋಡಿಯೇ ಲೈನಿನ ಜಾತಕ ಹೇಳಬಹುದು. ವಿ.90ಯ ಹಂತಗಳು 1,333 ಬಿಟ್ಟು ಬಿಟ್ಟು ಏರುತ್ತವೆ: 44,000, 45,333, 46,666, ಹೀಗೆ. ಪರದೆಯಲ್ಲಿ ಯಾವಾಗಲೂ 26,400 ಅಥವಾ 28,800 ಅಂತಲೇ ಬರುತ್ತಿದ್ದರೆ ಅದು ಹಳೆಯ ವಿ.34ಕ್ಕೆ ಇಳಿದಿದೆ ಅಂತ. ದಾರಿಯಲ್ಲಿ ಎರಡನೇ ಸಲ ಅಲೆ–ಅಂಕಿ ಪರಿವರ್ತನೆ ಆಗುತ್ತಿದೆ, ಸಾಮಾನ್ಯವಾಗಿ ಒಂದೇ ಜೋಡಿ ತಂತಿಯಲ್ಲಿ ಎರಡು ಫೋನ್ ಓಡಿಸುವ ಪೆಟ್ಟಿಗೆಯಿಂದ ಅಥವಾ ಆಫೀಸಿನ ಒಳಗಿನ ಎಕ್ಸ್‌ಚೇಂಜಿನಿಂದ. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ.

#3 ಇಬ್ಬನಿ
ವಿ.90 ಬರುವ ಮುಂಚೆ ಎಕ್ಸ್2, ಕೆ56ಫ್ಲೆಕ್ಸ್ ಅಂತ ಎರಡು ಬಣ ಇದ್ದವಲ್ಲ. ಒಂದು ಇನ್ನೊಂದರ ಜೊತೆ ಮಾತಾಡುತ್ತಲೇ ಇರಲಿಲ್ಲವೇ? ಮತ್ತೆ ಆ ಕಿರಿಚಾಟ, ಅದು ಏನು ಹೇಳುತ್ತಿತ್ತು ಅಂತ ಯಾರಾದರೂ ಬಿಡಿಸಿ ಹೇಳ್ತೀರಾ?

#4 ಸೊನ್ನೆಒಂದು
ಮಾತಾಡುತ್ತಿದ್ದವು, 33,600ರಲ್ಲಿ. 56ಕೆ ಬೇಕಿದ್ದರೆ ಎರಡೂ ತುದಿಯಲ್ಲಿ ಒಂದೇ ಬಣ ಇರಬೇಕಿತ್ತು. 1998ರಲ್ಲಿ ವಿ.90 ಬಂದ ಮೇಲೆ ಆ ಜಗಳ ಮುಗಿಯಿತು. ಫ್ಲಾಶ್ ಮೆಮೊರಿ ಇದ್ದ ಮೋಡೆಮ್‌ಗಳಿಗೆ ಫರ್ಮ್‌ವೇರ್ ಹಾಕಿಕೊಂಡರೆ ಸಾಕಾಗುತ್ತಿತ್ತು.

ಸದ್ದಿನ ವಿಷಯ. ಮೊದಲು ಡಯಲ್ ಟೋನ್, ಆಮೇಲೆ ನಂಬರಿನ ಟೋನುಗಳು. ಎದುರುಬದಿ ಎತ್ತಿದ ಕೂಡಲೇ ಒಂದು ಉದ್ದ ಸಿಳ್ಳೆ, 2,100 ಹರ್ಟ್ಸ್. ಗಮನವಿಟ್ಟು ಕೇಳಿದರೆ ನಡುನಡುವೆ ಚಿಟ್ ಅನ್ನುತ್ತದೆ. ಪ್ರತಿ 450 ಮಿಲಿಸೆಕೆಂಡಿಗೊಮ್ಮೆ ಅಲೆ ತಲೆಕೆಳಗಾಗುವುದು ಅದು. ದಾರಿಯಲ್ಲಿರುವ ಮಾರ್ದನಿ ತಡೆಯುವ ಯಂತ್ರಗಳಿಗೆ "ಸುಮ್ಮನಿರಿ, ಆ ಕೆಲಸ ನಾವೇ ಮಾಡ್ಕೋತೀವಿ" ಅನ್ನುವ ಸೂಚನೆ. ಆಮೇಲೆ ಬರುವ ಗುಟುರು 300 ಬಿಟ್ ವೇಗದ ಮಾತು, ನನಗೆ ಯಾವ ಯಾವ ಮಾದರಿ ಗೊತ್ತು, ನಿನಗೆ ಯಾವುದು ಗೊತ್ತು ಅಂತ. ಅದಾದ ಮೇಲೆ ಒಟ್ಟಿಗೆ ಹತ್ತಾರು ಸ್ವರ ಹೊಡೆದ ಹಾಗೆ ಬರುವ ಝೇಂಕಾರ ಇದೆಯಲ್ಲ, ಅದು ಲೈನಿನ ಪರೀಕ್ಷೆ. 150 ಹರ್ಟ್ಸ್ ಅಂತರದಲ್ಲಿ ಜೋಡಿಸಿದ ಸ್ವರಗಳು, ಯಾವ ಸ್ವರ ಎಷ್ಟು ಕ್ಷೀಣಿಸಿ ಬಂತು ಅಂತ ಅಳೆಯೋಕೆ. ಕೊನೆಯ ಭೋರ್ಗರೆತ ತರಬೇತಿ. ಅದರಲ್ಲಿ ಎರಡೂ ಕಡೆಯವು ತಮ್ಮ ಫಿಲ್ಟರು ಹೊಂದಿಸಿಕೊಳ್ಳುತ್ತವೆ. ಕನೆಕ್ಟ್ ಆದ ಕೂಡಲೇ ಸ್ಪೀಕರ್ ಆಫ್, ಅದು ಎಂ1 ಸೆಟ್ಟಿಂಗಿನ ಗುಣ. ಮಧ್ಯರಾತ್ರಿ ಮನೆಯವರನ್ನ ಎಬ್ಬಿಸಬಾರದು ಅಂದರೆ ಎಂ0. ಆದರೆ ಎಂಗೇಜ್ ಟೋನ್ ಬಂತೋ ಇಲ್ಲವೋ ಅಂತ ಕಿವಿಗೆ ಗೊತ್ತಾಗೋದಿಲ್ಲ.

#5 ಪೋರ್ಟು23
ಮೋಡೆಮ್ ಸರಿಯಿದ್ದೂ ವೇಗ ಬರದಿದ್ದಕ್ಕೆ ಅರ್ಧ ಕಾರಣ ಮೋಡೆಮ್ ತಗುಲಿಸುವ ಜಾಗ, ಕಂಪ್ಯೂಟರಿನ ಸೀರಿಯಲ್ ಪೋರ್ಟು. ಹಳೆಯ 8250, 16450 ಚಿಪ್‌ಗಳಲ್ಲಿ ಬಂದದ್ದನ್ನ ಇಟ್ಟುಕೊಳ್ಳೋಕೆ ಒಂದೇ ಬೈಟಿನ ಜಾಗ. ಪ್ರೊಸೆಸರ್ ಡಿಸ್ಕಿನ ಕೆಲಸದಲ್ಲಿ ಮುಳುಗಿ ಆ ಬೈಟನ್ನ ಎತ್ತಿಕೊಳ್ಳೋದು ಒಂದು ಗಳಿಗೆ ತಡವಾದರೂ ಮುಂದಿನದು ಅದರ ಮೇಲೆ ಬಂದು ಬೀಳುತ್ತದೆ. 16550ಎ ಚಿಪ್‌ನಲ್ಲಿ 16 ಬೈಟಿನ ಸಾಲು ಇದೆ, ಅದಿದ್ದರೆ ಪೋರ್ಟನ್ನ 1,15,200ಕ್ಕೆ ಇಟ್ಟು ನಿಶ್ಚಿಂತೆಯಿಂದ ಇರಬಹುದು. ಲೈನ್ 50,000 ಇರುವಾಗ ಪೋರ್ಟು 1,15,200 ಯಾಕೆ ಅಂದರೆ ವಿ.42ಬಿಸ್ ಸಂಕೋಚನ. ಬರೀ ಅಕ್ಷರಗಳ ಪುಟವಾದರೆ ಅದು ಎರಡು, ಮೂರು ಪಟ್ಟು ಹಿಗ್ಗಿ ಹೊರಬರುತ್ತದೆ. ಜಿಪ್, ಜೆಪೆಗ್, ಎಂಪಿ3ಗೆ ಅದರಿಂದ ಎಳ್ಳಷ್ಟೂ ಲಾಭ ಇಲ್ಲ, ಅವು ಆಗಲೇ ಹಿಂಡಿದ ಫೈಲುಗಳು.

ಮೋಡೆಮ್‌ಗೆ ಕೊಡುವ ಆರಂಭದ ಆಜ್ಞೆಗಳ ಸಾಲಿನಲ್ಲಿ ನಿಜಕ್ಕೂ ಉಪಯೋಗವಾದವು ನಾಲ್ಕೈದೇ.
ಎಟಿ&ಎಫ್: ಕಾರ್ಖಾನೆಯ ಸ್ಥಿತಿಗೆ ವಾಪಸ್. ಎಲ್ಲಕ್ಕೂ ಮೊದಲು ಇದು.
ಎಕ್ಸ್3: ಡಯಲ್ ಟೋನ್‌ಗೆ ಕಾಯದೆ ನಂಬರು ಒತ್ತು. ಒಳ ಎಕ್ಸ್‌ಚೇಂಜಿನ ತೊದಲು ಟೋನನ್ನ ಮೋಡೆಮ್ ಗುರುತಿಸದೆ "ನೋ ಡಯಲ್‌ಟೋನ್" ಅಂತ ಮುಷ್ಕರ ಹೂಡಿದಾಗ.
ಎಸ್10=50: ಎದುರಿನ ಸಿಗ್ನಲ್ ಕಳೆದುಹೋದರೂ 5 ಸೆಕೆಂಡ್ ಕಾದು ಆಮೇಲೆ ಫೋನಿಡು. ಮಾಮೂಲಿ ಬೆಲೆ 14, ಅಂದರೆ 1.4 ಸೆಕೆಂಡ್. ಕಾಲ್ ವೇಟಿಂಗ್ ಬೀಪು ಬಂದಾಗ ಲೈನ್ ಕತ್ತರಿಸೋದು ಇದರಿಂದಲೇ ಕಮ್ಮಿಯಾಗುತ್ತಿತ್ತು. 2000ದಲ್ಲಿ ಬಂದ ವಿ.92 ಕಾಲ್ ಬಂದಾಗ ಸಂಪರ್ಕವನ್ನ ತಡೆದಿಡುವ ಸೌಕರ್ಯವನ್ನೇ ಕೊಟ್ಟಿತು. ಅಷ್ಟರಲ್ಲಿ ಜನ ಕೇಬಲ್ಲು, ಡಿಎಸ್ಎಲ್ಲಿನ ಕಡೆ ನೋಡೋಕೆ ಶುರುಮಾಡಿದ್ದರು.

ಇನ್ನೊಂದು: ಎಸ್2=255. ಇದರ ಹಿಂದೆ ಒಂದು ಕಿಡಿಗೇಡಿತನ ಇದೆ, ಗೊತ್ತಿದ್ದವರು ಹೇಳಿ.

#6 ಮಿಡಿ
+++ ತಾನೇ? ಹೇಳ್ತೀನಿ. ಮಾಹಿತಿ ಸಾಗಿಸುತ್ತಿರುವ ಮೋಡೆಮ್‌ಗೆ "ಈಗ ನಾನು ಹೇಳೋದು ಆಜ್ಞೆ" ಅಂತ ತಿಳಿಸೋಕೆ ಮೂರು ಸಲ ಪ್ಲಸ್ ಕಳಿಸಬೇಕು. ಫೈಲಿನ ಒಳಗೇ +++ ಬಂದರೆ? ಅದಕ್ಕಂತಲೇ ಹೇಯ್ಸ್ ಕಂಪನಿ ಹಿಂದೆ ಮುಂದೆ ಒಂದೊಂದು ಸೆಕೆಂಡ್ ಮೌನ ಇರಬೇಕು ಅನ್ನುವ ನಿಯಮ ಇಟ್ಟಿತ್ತು, ಅದಕ್ಕೆ ಪೇಟೆಂಟೂ ಇತ್ತು. ಲೈಸೆನ್ಸ್ ಶುಲ್ಕ ತಪ್ಪಿಸಿಕೊಳ್ಳೋಕೆ ಹೊರಟ ಅಗ್ಗದ ಮೋಡೆಮ್‌ಗಳು ಮೌನದ ನಿಯಮವನ್ನೇ ಕೈಬಿಟ್ಟವು.

ಈಗ ಚಾಟ್ ರೂಮಿನಲ್ಲಿ ಜಗಳ ಆಯಿತು ಅನ್ನಿ. ಎದುರಾಳಿ ನಿಮ್ಮ ಐಪಿ ವಿಳಾಸಕ್ಕೆ ಒಂದು ಪಿಂಗ್ ಕಳಿಸುತ್ತಾನೆ, ಅದರ ಹೊಟ್ಟೆಯಲ್ಲಿ +++ಎಟಿಎಚ್0 ಅನ್ನುವ ಅಕ್ಷರಗಳು. ಪಿಂಗ್‌ನ ನಿಯಮ ಏನು? ಬಂದದ್ದನ್ನ ಹಾಗೇ ವಾಪಸ್ ಕಳಿಸೋದು. ನಿಮ್ಮ ಕಂಪ್ಯೂಟರೇ ಆ ಅಕ್ಷರಗಳನ್ನ ನಿಮ್ಮ ಮೋಡೆಮ್‌ಗೆ ಕೊಡುತ್ತದೆ, ಮೋಡೆಮ್ ಯಜಮಾನರ ಆಜ್ಞೆ ಅಂದುಕೊಂಡು ಫೋನ್ ಇಟ್ಟುಬಿಡುತ್ತದೆ. ಬಂದ ಪ್ಯಾಕೆಟ್ಟಿನಿಂದ ಏನೂ ಆಗಲ್ಲ, ಕೊಲ್ಲೋದು ಕೊಟ್ಟ ಉತ್ತರ. ಎಸ್2ರಲ್ಲಿ ಇರೋದು ಪ್ಲಸ್ ಚಿಹ್ನೆಯ ಸಂಕೇತ, 43. ಅದನ್ನ 127ಕ್ಕಿಂತ ಮೇಲೆ ಇಟ್ಟರೆ ಈ ದಾರಿಯೇ ಬಂದ್. ಒಂದು ಸಾಲಿನ ಮದ್ದು.

#7 ಕಾಲಮಾಪಕ
ಪೋಸ್ಟು 1ಕ್ಕೆ ನನ್ನ ತಕರಾರಿದೆ. ಆ ಕಾಲದ ಅತಿ ದೊಡ್ಡ ಗದ್ದಲ ವೈ2ಕೆ, ಅಂದರೆ 2000 ಬಂದಾಗ ಕಂಪ್ಯೂಟರುಗಳು ವರ್ಷ ತಪ್ಪು ತಿಳಿಯುವ ದೋಷ. ಅದಕ್ಕೂ ತಂತಿಗೂ ಏನು ಸಂಬಂಧ? ಅಲ್ಲಿ ಇಕ್ಕಟ್ಟಾಗಿದ್ದು ಎರಡು ಅಂಕಿಯ ವರ್ಷ.

ಅದೂ ಒಂದೇ ದೋಷ ಅಲ್ಲ, ನಾಲ್ಕೈದು ಬೇರೆ ಬೇರೆ ದೋಷಗಳ ಗುಂಪು. ಮೊದಲನೆಯದು ಮದರ್‌ಬೋರ್ಡಿನ ಗಡಿಯಾರ. ಚಿಪ್ ಎಣಿಸೋದು ವರ್ಷದ ಕೊನೆಯ ಎರಡು ಅಂಕಿ ಮಾತ್ರ. ಶತಮಾನ ಪಕ್ಕದ ಇನ್ನೊಂದು ಬೈಟಿನಲ್ಲಿ ಕೂತಿರುತ್ತದೆ, ಅದನ್ನ ಚಿಪ್ ಮುಟ್ಟೋದಿಲ್ಲ, ಯಂತ್ರ ಹಚ್ಚಿದಾಗ ಮೊದಲು ಓಡುವ ಬಯೋಸ್ ಪ್ರೋಗ್ರಾಮು ತಿದ್ದಬೇಕು. ಯಂತ್ರ ಚಾಲೂ ಇದ್ದಾಗ 2000 ಸರಿಯಾಗೇ ಬಂದು, ಆರಿಸಿ ಹಚ್ಚಿದರೆ 1980ಕ್ಕೆ ಜಿಗಿಯುತ್ತಿದ್ದವು. ಡಾಸ್‌ಗೆ 1980ಕ್ಕಿಂತ ಹಿಂದಿನ ಕಾಲವೇ ಗೊತ್ತಿಲ್ಲ. ಹಾಗಾಗಿ ಪರೀಕ್ಷೆಯನ್ನ ಎರಡು ಸಲ ಮಾಡಬೇಕಿತ್ತು: 1999ರ ಡಿಸೆಂಬರ್ 31, ರಾತ್ರಿ 11.58ಕ್ಕೆ ಇಟ್ಟು ಚಾಲೂ ಸ್ಥಿತಿಯಲ್ಲಿ ದಾಟಿಸೋದು ಒಂದು, ಅದೇ ಹೊತ್ತಿಗಿಟ್ಟು ಪವರ್ ಆರಿಸಿ ಐದು ನಿಮಿಷ ಬಿಟ್ಟು ಹಚ್ಚೋದು ಇನ್ನೊಂದು. ಅದಕ್ಕೂ ಮುಂಚೆ ಬ್ಯಾಕಪ್. ಗಡಿಯಾರ ಮುಂದಿಟ್ಟರೆ ಅವಧಿ ಮುಗಿದ ಲೈಸೆನ್ಸುಗಳು ಬೀಗ ಹಾಕಿಕೊಳ್ಳುತ್ತವೆ, ಹಳೆಯ ದಾಖಲೆ ಅಳಿಸುವ ಪ್ರೋಗ್ರಾಮುಗಳು ತಮ್ಮ ಕೆಲಸ ಮುಗಿಸಿಬಿಡುತ್ತವೆ.

ಎರಡನೆಯದು ವೆಬ್ ಪುಟಗಳಲ್ಲಿ ಕಂಡ 19100. ಪರ್ಲ್ ಭಾಷೆ ಕೊಡೋದು 1900ರಿಂದ ಎಷ್ಟು ವರ್ಷ ಕಳೆಯಿತು ಅನ್ನುವ ಲೆಕ್ಕ. ಬರೆದವರು ಅದನ್ನ ಎರಡು ಅಂಕಿಯ ವರ್ಷ ಅಂದುಕೊಂಡು ಮುಂದೆ 19 ಅಂತ ಅಂಟಿಸಿದರು. 99ರ ತನಕ ಸರಿ, ಆಮೇಲೆ 100. ಅಮೆರಿಕದ ನೌಕಾ ವೀಕ್ಷಣಾಲಯ, ಅಂದರೆ ದೇಶಕ್ಕೇ ಸಮಯ ಹೇಳುವ ಸಂಸ್ಥೆ, ಅದರ ಪುಟದಲ್ಲೇ 19100 ಕಾಣಿಸಿತು. ಜಾವಾಸ್ಕ್ರಿಪ್ಟಿನ ಗೆಟ್‌ಇಯರ್ ಅನ್ನುವ, ವರ್ಷ ಕೇಳುವ ಆಜ್ಞೆ ಇನ್ನೂ ತಮಾಷೆ. ನೆಟ್‌ಸ್ಕೇಪ್ 4 ಬ್ರೌಸರಿನ ಕೊನೆಕೊನೆಯ ಆವೃತ್ತಿಗಳು 100 ಅಂದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ 2000 ಅನ್ನುತ್ತಿತ್ತು. ಒಂದೇ ಪುಟ ಒಂದರಲ್ಲಿ 19100, ಇನ್ನೊಂದರಲ್ಲಿ 192000. ಮದ್ದು: ಬಂದ ಸಂಖ್ಯೆ 1,000ಕ್ಕಿಂತ ಕಮ್ಮಿ ಇದ್ದರೆ 1900 ಕೂಡಿಸು, ಇಲ್ಲದಿದ್ದರೆ ಹಾಗೇ ಬಿಡು. ನಾಲ್ಕನೇ ಪೀಳಿಗೆಯ ಬ್ರೌಸರುಗಳಲ್ಲಿ ಗೆಟ್‌ಫುಲ್‌ಇಯರ್ ಇದ್ದೇ ಇತ್ತು.

ಮೂರನೆಯದು ಅಧಿಕ ವರ್ಷ. ನಾಲ್ಕರಿಂದ ಭಾಗವಾದರೆ ಅಧಿಕ, ನೂರರಿಂದ ಭಾಗವಾದರೆ ಅಲ್ಲ, ನಾನೂರರಿಂದ ಭಾಗವಾದರೆ ಮತ್ತೆ ಅಧಿಕ. ಮೊದಲ ನಿಯಮ ಒಂದೇ ಗೊತ್ತಿದ್ದ ದಡ್ಡ ಪ್ರೋಗ್ರಾಮು 2000ವನ್ನ ಸರಿಯಾಗಿ ದಾಟಿತು. ಎರಡು ನಿಯಮ ಕಲಿತ ಅರೆಬೆಂದ ಪ್ರೋಗ್ರಾಮು ಫೆಬ್ರುವರಿ 29ರಂದು ಮುಗ್ಗರಿಸಿತು. ಅಲ್ಲಿ ಪಾರಾದ ಕೆಲವು ಡಿಸೆಂಬರ್ 31ರಂದು ಸಿಕ್ಕಿಬಿದ್ದವು, ಅದು ವರ್ಷದ 366ನೇ ದಿನ.

"ಏನೂ ಆಗಲಿಲ್ಲ, ಸುಮ್ಮನೆ ಹೆದರಿಸಿದರು" ಅನ್ನೋರಿಗೆ: ತಿದ್ದಿದ್ದರಿಂದಲೇ ಏನೂ ಆಗಲಿಲ್ಲ. ತಿದ್ದಿದ್ದರಲ್ಲೂ ಎಷ್ಟೋ ಕಡೆ ಬರೀ ಕಿಟಕಿ ತಂತ್ರ. 00ರಿಂದ 29 ಬಂದರೆ 20 ಅಂಟಿಸು, 30ರಿಂದ 99 ಬಂದರೆ 19 ಅಂಟಿಸು. ಅದು ಸಾಲ ತೀರಿಸಿದ್ದಲ್ಲ, ವಾಯಿದೆ ಮುಂದೂಡಿದ್ದು.

#8 ತಂತಿಕಂಬ
ಕಾಲಮಾಪಕರೇ, ವೈ2ಕೆ ನನ್ನ ವಾದಕ್ಕೆ ಬಗ್ಗೋದಿಲ್ಲ, ಒಪ್ಪಿದೆ. ಮುಕ್ಕಾಲು ಅಂತಲೇ ಅಂದಿದ್ದೆ. ಬೈಟು ಉಳಿಸೋ ಚಾಳಿ ಮಾತ್ರ ಎರಡು ಕಡೆಯೂ ಒಂದೇ.

#9 ಕೋಷ್ಟಕ
ಪುಟ ಕಟ್ಟುವ ವಿಷಯದಲ್ಲಿ ತಂತಿಕಂಬ ಹೇಳಿದ್ದು ನೂರಕ್ಕೆ ನೂರು. 50 ಕಿಲೋಬೈಟಿನ ಪುಟ ಅಂದರೆ ಹತ್ತು ಸೆಕೆಂಡ್. ಎಲ್ಲ ಕಸರತ್ತೂ ಆ ಹತ್ತು ಸೆಕೆಂಡಿನಲ್ಲಿ ಓದುವವನ ಕಣ್ಣಿಗೆ ಏನಾದರೂ ಕೊಡೋಕೆ.

ಇಂಟರ್‌ಲೇಸ್ ಮಾಡಿದ ಗಿಫ್ ಅದಕ್ಕೇ. ಚಿತ್ರದ ಸಾಲುಗಳು ನಾಲ್ಕು ಸುತ್ತಿನಲ್ಲಿ ಬರುತ್ತವೆ: ಮೊದಲು 0, 8, 16, ಆಮೇಲೆ 4, 12, 20, ಮೂರನೆಯ ಸುತ್ತಿನಲ್ಲಿ 2, 6, 10, ಕೊನೆಗೆ ಬೆಸ ಸಾಲುಗಳೆಲ್ಲ. ಎಂಟನೇ ಒಂದು ಭಾಗ ಬಂದಾಗಲೇ ಚಿತ್ರ ಯಾವುದರದ್ದು ಅಂತ ಗೊತ್ತಾಗಿಬಿಡುತ್ತದೆ. ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಅಕ್ಕಪಕ್ಕದ ಸಾಲುಗಳು ದೂರವಾಗಿ ಸಂಕೋಚನ ಸರಿಯಾಗಿ ಆಗದೆ. ಸಣ್ಣ ಗುಂಡಿ, ಐಕಾನುಗಳಿಗೆ ಹಾಕಿದರೆ ಬರೀ ನಷ್ಟ.

ಚಿತ್ರಕ್ಕೆ ಅಗಲ, ಎತ್ತರ ಬರೆಯದೇ ಬಿಟ್ಟರೆ ಒಂದೊಂದು ಚಿತ್ರ ಬಂದಾಗಲೂ ಪುಟ ಜಿಗಿಯುತ್ತದೆ. ಎಲ್ಲ ಒಂದೇ ಟೇಬಲ್ಲಿನ ಒಳಗಿದ್ದರೆ ಇನ್ನೂ ಕಷ್ಟ. ನೆಟ್‌ಸ್ಕೇಪ್ 4 ಟೇಬಲ್ ಪೂರ್ತಿ ಬರೋ ತನಕ ಏನನ್ನೂ ತೋರಿಸೋದಿಲ್ಲ, ಮುಚ್ಚುವ ಟ್ಯಾಗ್ ಮರೆತರೆ ಖಾಲಿ ಪುಟ. ಎಕ್ಸ್‌ಪ್ಲೋರರ್ ಅದೇ ತಪ್ಪನ್ನ ನುಂಗಿಕೊಂಡು ತೋರಿಸುತ್ತಿತ್ತು, ಬರೆದವರಿಗೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ಸರಿಯಾದ ದಾರಿ: ಇಡೀ ಪುಟಕ್ಕೆ ಒಂದೇ ಟೇಬಲ್ ಬೇಡ. ಮೇಲಿನ ಪಟ್ಟಿಗೆ ಒಂದು, ಒಡಲಿಗೆ ಒಂದು, ಅಡಿಗೆ ಒಂದು ಅಂತ ಒಂದರ ಕೆಳಗೆ ಒಂದು ಇಡಿ. ಮೇಲಿನದು ಮೂರು ಸೆಕೆಂಡಿನಲ್ಲೇ ಕಾಣುತ್ತದೆ.

43 ಬೈಟಿನ, ಒಂದೇ ಚುಕ್ಕೆಯ ಪಾರದರ್ಶಕ ಗಿಫ್ ಹಾಕಿ ಅದನ್ನೇ ಎಳೆದು ಜಾಗ ಬಿಡಿಸುತ್ತಿದ್ದರಲ್ಲ, ಅದನ್ನ ತರಿಸೋ ಎಚ್‌ಟಿಟಿಪಿ ಹೆಡರೇ ಫೈಲಿನ ಐದಾರು ಪಟ್ಟು. ಆದರೂ ಲಾಭವೇ. ಒಮ್ಮೆ ಬಂದರೆ ಕ್ಯಾಶ್‌ನಲ್ಲಿ ಕೂತು ಇಡೀ ತಾಣಕ್ಕೆ ಆಗುತ್ತದೆ. ಪುಟದ ಶೈಲಿ ಬರೆಯುವ ಸಿಎಸ್ಎಸ್ ಯಾಕೆ ಬಳಸಲಿಲ್ಲ ಅಂತ ಈಗಿನವರು ಕೇಳುತ್ತಾರೆ. ನೆಟ್‌ಸ್ಕೇಪ್ 4ರಲ್ಲಿ ಜಾವಾಸ್ಕ್ರಿಪ್ಟ್ ಆರಿಸಿದರೆ ಸಿಎಸ್ಎಸ್ಸೂ ಆರಿಹೋಗುತ್ತಿತ್ತು, ಕಿಟಕಿಯ ಗಾತ್ರ ಬದಲಿಸಿದರೆ ಶೈಲಿಯೇ ಮಾಯ. ಅದನ್ನ ನಂಬಿ ಯಾರು ಪುಟ ಕಟ್ತಾರೆ, ಹೇಳಿ.

#10 ಅರ್ಧಸ್ವರ
ಎಂಪಿ3 ಲೆಕ್ಕ ನನ್ನದು. 128 ಕಿಲೋಬಿಟ್ ಅಂದರೆ ಸೆಕೆಂಡಿಗೆ 16 ಕಿಲೋಬೈಟ್, ನಾಲ್ಕು ನಿಮಿಷದ ಹಾಡು 3.84 ಮೆಗಾಬೈಟ್. 5 ಕಿಲೋಬೈಟ್ ವೇಗದಲ್ಲಿ 13 ನಿಮಿಷ. ಅದೇ ಹಾಡು ಸಿಡಿಯಿಂದ ಹಾಗೇ ತೆಗೆದರೆ 42 ಮೆಗಾಬೈಟ್, ಎರಡು ಗಂಟೆ ಇಪ್ಪತ್ತು ನಿಮಿಷ. 128 ಅನ್ನೋದು ಕಿವಿ ಒಪ್ಪಿ ಆರಿಸಿದ್ದಕ್ಕಿಂತ ಫೋನಿನ ಬಿಲ್ಲು ಒಪ್ಪಿ ಆರಿಸಿದ್ದು. ತಾಳದ ಝಲ್ಲನ್ನ ಕೇಳಿದರೆ ಗೊತ್ತಾಗುತ್ತದೆ. ಆಗಿನ ವೇಗದ ಎನ್‌ಕೋಡರುಗಳು 16 ಕಿಲೋಹರ್ಟ್ಸ್ ಮೇಲಿನದ್ದನ್ನ ಕತ್ತರಿಸಿ ಎಸೆಯುತ್ತಿದ್ದವು.

ನ್ಯಾಪ್‌ಸ್ಟರ್ ಸರ್ವರಿನಲ್ಲಿ ಇರುತ್ತಿದ್ದದ್ದು ಪಟ್ಟಿ ಮಾತ್ರ, ಹಾಡು ಒಬ್ಬರ ಯಂತ್ರದಿಂದ ಇನ್ನೊಬ್ಬರದ್ದಕ್ಕೆ ನೇರ ಹೋಗುತ್ತಿತ್ತು. ಇಬ್ಬರೂ ಫೈರ್‌ವಾಲ್ ಹಿಂದೆ ಇದ್ದರೆ ಆ ವ್ಯವಹಾರ ನಡೆಯೋದೇ ಇಲ್ಲ, ಒಬ್ಬರಾದರೂ ಬಾಗಿಲು ತೆಗೆದಿರಬೇಕು. ಬಹಳ ಜನಕ್ಕೆ ಅರ್ಥವಾಗದ ತೊಂದರೆ ಇನ್ನೊಂದಿತ್ತು: ಯಾರೋ ನಿಮ್ಮಿಂದ ಹಾಡು ಎಳೆಯೋಕೆ ಶುರುಮಾಡಿದ ಕೂಡಲೇ ನಿಮ್ಮ ಡೌನ್‌ಲೋಡೂ ಕುಂಟುತ್ತದೆ. ದಾರಿಗಳು ಬೇರೆ ಅಲ್ಲವೇ? ಬೇರೆಯೇ. ಆದರೆ ಬಂದ ಪ್ರತಿ ಕಂತಿಗೂ "ಮುಟ್ಟಿತು" ಅನ್ನುವ ರಸೀದಿ ಏರುಮುಖದಲ್ಲೇ ಹೋಗಬೇಕು. 33,600ರ ದಾರಿ ಅಪ್‌ಲೋಡಿನಿಂದ ತುಂಬಿದರೆ ರಸೀದಿ ಸಾಲಿನಲ್ಲಿ ಕೂರುತ್ತದೆ, ಎದುರಿನವನು ಕಾಯುತ್ತಾನೆ. ಒಂದೇ ಅಪ್‌ಲೋಡಿಗೆ ಮಿತಿ ಹಾಕೋದೇ ಇದ್ದ ಉಪಾಯ.

2000ದ ಮಾರ್ಚ್ 14ರಂದು ಬಂದ ನುಟೆಲ್ಲಾದಲ್ಲಿ ಆ ಪಟ್ಟಿಯ ಸರ್ವರೂ ಇರಲಿಲ್ಲ. ಒಬ್ಬ ಕೇಳಿದ್ದನ್ನ ಪಕ್ಕದವರು ತಮ್ಮ ಪಕ್ಕದವರಿಗೆ ದಾಟಿಸುತ್ತ ಏಳು ಹೆಜ್ಜೆ ತನಕ ಹೋಗಬೇಕು. ಮೋಡೆಮ್ ಮೇಲಿದ್ದವರಿಗೆ ಇತರರ ಪ್ರಶ್ನೆ ಸಾಗಿಸೋದರಲ್ಲೇ ಲೈನ್ ತುಂಬಿಹೋಗುತ್ತಿತ್ತು, ತಮ್ಮ ಹಾಡಿಗೆ ಜಾಗವೇ ಇಲ್ಲ.

#11 ಪೋರ್ಟು23
ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸೋದರ ಬಗ್ಗೆ ಎರಡು ಮಾತು. ಎಚ್‌ಟಿಟಿಪಿ 1.1ರಲ್ಲಿ "ಇಷ್ಟನೇ ಬೈಟಿನಿಂದ ಕೊಡು" ಅಂತ ಕೇಳಬಹುದು. ಸರ್ವರ್ 206 ಅಂದರೆ ಮುಂದಿನದ್ದು ಬರುತ್ತಿದೆ. 200 ಅಂದರೆ ಮೊದಲಿಂದ ಕಳಿಸುತ್ತಿದೆ, ಅದನ್ನ ನೋಡದೆ ಹಳೆಯದರ ಬಾಲಕ್ಕೆ ಅಂಟಿಸಿದ ತಂತ್ರಾಂಶ ಫೈಲನ್ನ ಕೆಡಿಸಿತು ಅಂತಲೇ ಅರ್ಥ. ಜಾಣ ತಂತ್ರಾಂಶಗಳು ಕೊನೆಯ ಕೆಲವು ಕಿಲೋಬೈಟನ್ನ ಬಿಸಾಕಿ ಅಲ್ಲಿಂದ ಕೇಳುತ್ತಿದ್ದವು. ಲೈನ್ ಸಾಯುವ ಹೊತ್ತಿನಲ್ಲಿ ಡಿಸ್ಕಿಗೆ ಬಿದ್ದದ್ದನ್ನ ನಂಬುವ ಹಾಗಿಲ್ಲ.

ಎಫ್‌ಟಿಪಿಯಲ್ಲಿ ಅದಕ್ಕಿಂತ ದೊಡ್ಡ ಗುಂಡಿ ಅಕ್ಷರ ಮಾದರಿ. ಯುನಿಕ್ಸ್ ಸರ್ವರಿನಿಂದ ವಿಂಡೋಸಿಗೆ ಆ ಮಾದರಿಯಲ್ಲಿ ಜಿಪ್ ತಂದರೆ, ಸಾಲಿನ ಕೊನೆಯ ಗುರುತಾದ 10 ಅನ್ನುವ ಬೈಟು ಕಂಡಲ್ಲೆಲ್ಲ ಮುಂದೆ ಒಂದು 13 ಸೇರಿಬಿಡುತ್ತದೆ. 256 ಬೈಟಿಗೆ ಒಂದು ಅಂತ ಹಿಡಿದರೆ ಒಂದು ಮೆಗಾಬೈಟಿಗೆ ಸುಮಾರು 4 ಕಿಲೋಬೈಟ್ ಹೆಚ್ಚು. ಫೈಲು ಸರ್ವರಿನಲ್ಲಿ ಇದ್ದದ್ದಕ್ಕಿಂತ ಆ ಲೆಕ್ಕದಲ್ಲಿ ದಪ್ಪವಾಗಿದೆ ಅಂದರೆ ರೋಗ ಇದೇ. ಪ್ರತಿ 10ರ ಮುಂದೆಯೂ ಕಣ್ಣುಮುಚ್ಚಿ 13 ಸೇರಿಸಿದ ತಂತ್ರಾಂಶವಾದರೆ ಒಂದೊಂದನ್ನ ಕಿತ್ತುಹಾಕಿ ಸರಿಮಾಡಬಹುದು. ಮೊದಲೇ 13 ಇದ್ದ ಕಡೆ ಬಿಟ್ಟುಬಿಡುವ ತಂತ್ರಾಂಶವಾದರೆ ಯಾವುದು ಅಸಲಿ, ಯಾವುದು ಸೇರಿದ್ದು ಅಂತ ಹೇಳೋಕಾಗಲ್ಲ. ಮತ್ತೆ ತರಿಸೋದೇ.

#12 ಮಿಡಿ
ಇ-ಮೇಲಿನಲ್ಲಿ ತಾನಾಗಿ ಹಬ್ಬಿದ ಐ ಲವ್ ಯು ಹುಳದ ವಿಷಯ ಯಾರೂ ಎತ್ತಲಿಲ್ಲ. 2000ದ ಮೇ 4. ಅದರ ಗಾತ್ರ ಹತ್ತು ಕಿಲೋಬೈಟ್, ಅಂದರೆ ಮೋಡೆಮ್ ಮೇಲೂ ಎರಡು ಸೆಕೆಂಡ್. ಅದು ಅಷ್ಟು ಬೇಗ ಹಬ್ಬಿದ್ದಕ್ಕೆ ಇದೂ ಒಂದು ಕಾರಣ. 1999ರ ಮಾರ್ಚಿನ ಮೆಲಿಸ್ಸಾ ವಿಳಾಸ ಪುಸ್ತಕದ ಮೊದಲ 50 ಜನಕ್ಕೆ ಹೋದರೆ, ಇದು ಎಲ್ಲರಿಗೂ ಹೋಯಿತು. ವಿಂಡೋಸ್ ಫೈಲಿನ ಕೊನೆಯ ಬಾಲವನ್ನ ಅಡಗಿಸುತ್ತದೆ, ಹಾಗಾಗಿ .ವಿಬಿಎಸ್ ಕಾಣದೆ .ಟಿಎಕ್ಸ್‌ಟಿ ಮಾತ್ರ ಕಂಡಿತು. ಪತ್ರ ಅಂದುಕೊಂಡು ಒತ್ತಿದರು.

ಹಾನಿಯ ರೀತಿ ಗಮನಿಸಿ: ಜೆಪೆಗ್ ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡಿತು, ಅವು ಹೋದವು. ಎಂಪಿ3ಗಳನ್ನ ಮಾತ್ರ ಅಳಿಸಲಿಲ್ಲ, ಅಡಗಿಸಿಟ್ಟು ಅದೇ ಹೆಸರಿನಲ್ಲಿ ತನ್ನ ಪ್ರತಿ ಇಟ್ಟಿತು. ಡಾಸ್ ಕಿಟಕಿಯಲ್ಲಿ ಆಟ್ರಿಬ್ ಆಜ್ಞೆಗೆ ಮೈನಸ್ ಎಚ್ ಕೊಟ್ಟರೆ ಎಲ್ಲ ವಾಪಸ್. ಹಾಡೂ ಹೋಯಿತು ಅಂತ ಡಿಸ್ಕ್ ಫಾರ್ಮ್ಯಾಟ್ ಮಾಡಿದವರ ಶ್ರಮ ದಂಡ.

#13 ಇಬ್ಬನಿ
ಅರ್ಧಸ್ವರ ಅವರಿಗೆ ಒಂದು ಪ್ರಶ್ನೆ. ಆ ಕಾಲದ ಎಂಪಿ3 ಸಂಗ್ರಹ ಈಗ ಡಿಸ್ಕಿನಲ್ಲಿದ್ದರೆ ಎರಡು ವಿಚಿತ್ರ ಕಾಣುತ್ತವೆ. ಕೆಲವಕ್ಕೆ ಹೆಸರೇ ಬರೋದಿಲ್ಲ, ಕೆಲವು ನಾಲ್ಕು ನಿಮಿಷದ ಹಾಡನ್ನ ಹನ್ನೊಂದು ನಿಮಿಷ ಅಂತ ತೋರಿಸುತ್ತವೆ. ಯಾಕೆ?

#14 ಅರ್ಧಸ್ವರ
ಹೆಸರು ಬರದಿದ್ದರೆ ಫೈಲು ಅರ್ಧಕ್ಕೆ ತುಂಡಾಗಿರುವ ಸಾಧ್ಯತೆ ಹೆಚ್ಚು. ಹಾಡಿನ ವಿವರ ಬರೆದಿಡುವ ಹಳೆಯ ಐಡಿ3 ಪಟ್ಟಿ ಫೈಲಿನ ಕಟ್ಟಕಡೆಯ 128 ಬೈಟು: ಗುರುತಿಗೆ 3, ಹಾಡಿಗೆ 30, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಡೌನ್‌ಲೋಡ್ ನಡುವೆ ನಿಂತಿದ್ದರೆ ಬಾಲವೇ ಬಂದಿರೋದಿಲ್ಲ. ಉದ್ದ ಹೆಸರುಗಳು 30ನೇ ಅಕ್ಷರಕ್ಕೆ ಕಡಿದುಹೋಗಿರೋದಕ್ಕೂ ಇದೇ ಕಾರಣ. ತುಂಡಾದರೂ ಹಾಡು ಬರುತ್ತದೆ, ಒಂದೊಂದು ಫ್ರೇಮಿಗೂ (ಹಾಡಿನ ಸಣ್ಣ ತುಂಡಿಗೂ) ಅದರದ್ದೇ ತಲೆ ಇರುವುದರಿಂದ. ನಡುವೆ ಕಡಿದು ಅಂಟಿಸಿದ ಫೈಲಿನಲ್ಲಿ ಅಂಟಿಸಿದ ಜಾಗದಲ್ಲಿ ಮಾತ್ರ ಚಟ್ ಅನ್ನಬಹುದು. ಒಂದು ಫ್ರೇಮು ಹಿಂದಿನ 511 ಬೈಟಿನ ತನಕ ಸಾಲ ಪಡೆದಿರುತ್ತದೆ, ಹಿಂದಿನದು ಬೇರೆಯಾದಾಗ ಸಾಲ ಹುಟ್ಟೋದಿಲ್ಲ.

ಸಮಯ ತಪ್ಪಿದ್ದರೆ ಅದು ಬದಲಾಗುವ ಬಿಟ್‌ರೇಟಿನ ಫೈಲು. ಪ್ಲೇಯರು ಮೊದಲ ಫ್ರೇಮಿನ ದರ ನೋಡಿ ಇಡೀ ಗಾತ್ರವನ್ನ ಅದರಿಂದ ಭಾಗಿಸುತ್ತದೆ. ಹಾಡಿನ ಮೊದಲು ಮೌನ ಇದ್ದು ಅಲ್ಲಿ ದರ 32 ಇದ್ದರೆ ಸಮಯ ಉಬ್ಬುತ್ತದೆ. ಮೊದಲ ಫ್ರೇಮಿನಲ್ಲಿ ಒಟ್ಟು ಫ್ರೇಮುಗಳ ಎಣಿಕೆ ಬರೆದಿಡುವ ಪದ್ಧತಿ ಇದೆ, ಝಿಂಗ್ ಹೆಡರ್ ಅಂತ. ಅದು ಇಲ್ಲದಿದ್ದರೆ ಫೈಲು ಪೂರ್ತಿ ಓದಿ ಎಣಿಸಿ ಹೊಸದಾಗಿ ಬರೆಯುವ ಉಪಕರಣಗಳಿವೆ, ಹಾಡನ್ನ ಮತ್ತೆ ಎನ್‌ಕೋಡ್ ಮಾಡಬೇಡಿ. ಕೈಯಲ್ಲೇ ತಾಳೆ ನೋಡಬಹುದು: ಒಂದು ಫ್ರೇಮು 1,152 ಮಾದರಿ, 44,100ರಿಂದ ಭಾಗಿಸಿದರೆ 26.12 ಮಿಲಿಸೆಕೆಂಡ್. 10,000 ಫ್ರೇಮು ಇದ್ದರೆ 4 ನಿಮಿಷ 21 ಸೆಕೆಂಡ್. ತಿದ್ದುವ ಮುಂಚೆ ಪ್ರತಿ ತೆಗೆದಿಟ್ಟುಕೊಳ್ಳಿ, ಕೆಲವು ಉಪಕರಣಗಳು ಬಾಲದ 128 ಬೈಟನ್ನೂ ಫ್ರೇಮು ಅಂದುಕೊಂಡು ಕತ್ತರಿಸಿಬಿಡುತ್ತವೆ.